ಐದನೇ ಹಾಸಿಗೆಯಿಂದ ಕಂಡದ್ದು

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬರು ಡಾಕ್ಟರಿದ್ದಾರೆ ಎಂಬುದು ಮೇಲಿನ ಮಹಡಿಗಳಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅವರನ್ನು ‘ಕೆಳಗಿನ ಡಾಕ್ಟ್ರು’ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವರು ರೋಗಿಗಳನ್ನು ನೋಡಿದ್ದು ಗಾಜಿನ ತಟ್ಟೆಗಳಲ್ಲಿ ಮಾತ್ರ. ಯಾರದೋ ಚೂರು ಕಫ, ಯಾರದೋ ನಾಲ್ಕು ಹನಿ ರಕ್ತ ಕೆಳಕ್ಕೆ ಬರುತ್ತಿತ್ತು. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಯಾವ ಆಂಟಿಬಯೋಟಿಕ್ಕಿಗೆ ಸಾಯುತ್ತದೆ ಎಂದು ಪತ್ತೆ ಹಚ್ಚಿ, ಚೀಟಿ ಬರೆದು ಮೇಲಕ್ಕೆ ಕಳಿಸುವುದು ಅವರ ಕೆಲಸ. ಚೀಟಿ ಓದಿ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದವರು ಇಷ್ಟು ವರ್ಷದಲ್ಲಿ ಇಬ್ಬರು. ಅವರಲ್ಲಿ ಒಬ್ಬರದು ರಾಂಗ್ ನಂಬರು.

ಒಂದು ಸೋಮವಾರ ಬೆಳಿಗ್ಗೆ ಅವರು ಒಂದು ತಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಟ್ಟರೆ, ಕೆಲಸ ಮಾಡುವ ಔಷಧಿಯ ಸುತ್ತ ಏನೂ ಬೆಳೆಯದೆ ಒಂದು ಖಾಲಿ ವೃತ್ತ ಉಳಿಯಬೇಕು. ಈ ತಟ್ಟೆಯಲ್ಲಿ ಹನ್ನೆರಡು ಬಿಲ್ಲೆಗಳಿದ್ದವು, ವೃತ್ತ ಒಂದೂ ಇರಲಿಲ್ಲ. ಹಸಿರು ಛಾಯೆಯ ಆ ಬೆಳೆ ಪ್ರತಿಯೊಂದು ಬಿಲ್ಲೆಯ ಅಂಚಿನ ತನಕ ಬಂದು, ನೆಂಟರ ಮನೆ ಸೋಫಾದಲ್ಲಿ ಕಾಲು ಚಾಚಿದ ಹಾಗೆ ಆರಾಮಾಗಿ ಕೂತಿತ್ತು. ಉಳಿದದ್ದು ಒಂದೇ ಔಷಧಿ. ಅದು ಹಳೆಯದು, ಒರಟು. ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಜೊತೆಗೆ ಮೂತ್ರಪಿಂಡಗಳಿಗೂ ಒಂದೇಟು ಕೊಡುತ್ತದೆ.

ಮಾದರಿ ಬಂದದ್ದು ಐಸಿಯುವಿನ ಐದನೇ ಹಾಸಿಗೆಯಿಂದ. ಒಂದೇ ತಿಂಗಳಲ್ಲಿ ಐಸಿಯುವಿನಿಂದ ಇಂಥದ್ದೇ ತಟ್ಟೆ ಇದು ಮೂರನೆಯದು. ಮೂರರಲ್ಲೂ ಅದೇ ಹಸಿರು, ಅದೇ ಹಟ. ಡಾಕ್ಟರು ಐಸಿಯುಗೆ ಫೋನ್ ಹಚ್ಚಿದರು.

“ಎರಡನೇ ಹಾಸಿಗೆಯವರು ಹೇಗಿದಾರೆ ಈಗ? ಮೊದಲನೇ ರಿಪೋರ್ಟ್ ಅವರದ್ದೇ ಇತ್ತು.”

ಆ ಕಡೆಯಿಂದ ನರ್ಸ್ ಹೇಳಿದಳು: “ಅವರು ಹೋಗ್ಬಿಟ್ರಲ್ಲ ಮೇಡಂ. ಹೋದ ಬುಧವಾರ.”

“ಯಾರು ಅವರು? ಏನ್ ಮಾಡ್ಕೊಂಡಿದ್ರು?”

“ಗಣಿತದ ಟೀಚರ್ ಅಂತೆ, ರಿಟೈರ್ ಆಗಿದ್ರು. ನಾವು ನಾಡಿ ಎಣಿಸೋವಾಗ ಅವರೂ ಜೊತೆಗೆ ಎಣಿಸೋರು. ತಪ್ಪಾದ್ರೆ ಕಣ್ಣಲ್ಲೇ ಗದರೋರು.”

ಡಾಕ್ಟರು ಫೋನ್ ಇಟ್ಟರು. ಆ ತಟ್ಟೆಯ ನಂಬರು ಅವರಿಗೆ ಬಾಯಿಪಾಠವಿತ್ತು. ಅದರ ಹಿಂದೆ ಕಣ್ಣಲ್ಲೇ ಗದರುವ ಒಬ್ಬ ಟೀಚರಮ್ಮ ಇದ್ದರೆಂಬುದು ಈಗಷ್ಟೇ ತಿಳಿದದ್ದು. ಆಮೇಲೆ ಎದ್ದು, ಒಂದು ಟ್ರೇ ತುಂಬ ಮಾದರಿ ತೆಗೆಯುವ ಹತ್ತಿಕಡ್ಡಿಗಳನ್ನು ಜೋಡಿಸಿಕೊಂಡು, ಲಿಫ್ಟ್ ಹತ್ತಿದರು.

ಐಸಿಯು ಬಾಗಿಲಲ್ಲಿ ದೊಡ್ಡ ಸಿಸ್ಟರ್ ಅಡ್ಡ ನಿಂತರು. ಇಪ್ಪತ್ತು ವರ್ಷದಿಂದ ಆ ಎಂಟು ಹಾಸಿಗೆಗಳನ್ನು ಆಳುತ್ತಿದ್ದವರು ಅವರೇ.

“ಯಾರು ಬೇಕಿತ್ತು? ನೋಡೋಕೆ ಬರೋ ಟೈಮು ಹನ್ನೊಂದಕ್ಕೆ, ಇಲ್ಲಾಂದ್ರೆ ನಾಲ್ಕಕ್ಕೆ.”

“ನಾನು ಡಾಕ್ಟರು.”

“ಯಾವ ಡಾಕ್ಟರು?”

“ಲ್ಯಾಬು. ಕೆಳಗಡೆ...”

“ಅಯ್ಯೋ, ಚೀಟಿ ಡಾಕ್ಟ್ರಾ!” ದೊಡ್ಡ ಸಿಸ್ಟರ್ ಕೈ ಬಾಯಿಗೆ ಹೋಯಿತು. “ಆ ಅಕ್ಷರ ನೋಡಿ ನಾನು ಯಾರೋ ಗಂಡಸರು ಅನ್ಕೊಂಡಿದ್ನಲ್ಲ! ಬನ್ನಿ ಬನ್ನಿ.”

ಒಳಗೆ ದೊಡ್ಡ ಡಾಕ್ಟರಿದ್ದರು. ಆಳೂ ಎತ್ತರ, ದನಿಯೂ ಎತ್ತರ, ಮನಸ್ಸು ಮಾತ್ರ ಬೆಣ್ಣೆ. ಐಸಿಯು ಎಂದರೆ ಅವರಿಗೆ ಸ್ವಂತ ಮನೆಗಿಂತ ಹೆಚ್ಚು. ಕೈ ತೊಳೆಯುವ ವಿಷಯದಲ್ಲಿ ಅವರದು ಭಾರಿ ಶಿಸ್ತು. ದಿನಕ್ಕೆ ನಲವತ್ತು ಸಲ ತೊಳೆಯುವರು, ಬೇರೆಯವರು ತೊಳೆದರೋ ಇಲ್ಲವೋ ಎಂದು ಹಿಂದೆ ನಿಂತು ನೋಡುವರು. ಹತ್ತಿಕಡ್ಡಿಯ ಟ್ರೇ ಕಂಡು ಅವರ ಹುಬ್ಬು ಮೇಲೇರಿತು.

“ನನ್ನ ಐಸಿಯು ಕೊಳಕು ಅಂತೀರಾ ಮೇಡಂ?”

“ಹಾಗಂದಿಲ್ಲ ಸರ್. ಮೂರು ಜನಕ್ಕೆ ಒಂದೇ ಬ್ಯಾಕ್ಟೀರಿಯಾ ಬಂದಿದೆ. ಅವರು ಮನೆಯಿಂದ ತಂದಿದ್ದಲ್ಲ ಅದು. ಇಲ್ಲೇ ಎಲ್ಲೋ ಮನೆ ಮಾಡ್ಕೊಂಡಿದೆ.”

“ಹುಡುಕಿ. ಮೊದಲು ನನ್ನ ಕೈಯಿಂದಲೇ ಶುರು ಮಾಡಿ,” ಎಂದು ಅವರು ಎರಡೂ ಅಂಗೈ ಚಾಚಿದರು.

ಕೆಳಗಿನ ಡಾಕ್ಟ್ರು ಬಿಡಲಿಲ್ಲ. ಎಲ್ಲರ ಕೈ, ಹಾಸಿಗೆಯ ಕಂಬಿಗಳು, ಉಸಿರಾಟದ ಯಂತ್ರದ ಗುಂಡಿಗಳು, ಸ್ಟೆತಸ್ಕೋಪು, ಕಂಪ್ಯೂಟರಿನ ಕೀಲಿಗಳು, ಫೋನುಗಳು, ಕೊನೆಗೆ ದೊಡ್ಡ ಸಿಸ್ಟರ್ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ಕೂಡ. ಬುಧವಾರ ಫಲಿತಾಂಶ ಬಂತು. ಎಲ್ಲೂ ಹಸಿರಿಲ್ಲ. ಎಲ್ಲರಿಗಿಂತ ಚೊಕ್ಕವಾಗಿದ್ದದ್ದು ದೊಡ್ಡ ಡಾಕ್ಟರ ಕೈಗಳು. ಅವರು ಆ ಚೀಟಿಯನ್ನು ಬಾವುಟದ ಹಾಗೆ ಹಿಡಿದು ಐಸಿಯು ತುಂಬ ಒಂದು ಸುತ್ತು ಬಂದರು.

ಐದನೇ ಹಾಸಿಗೆಯಲ್ಲಿದ್ದವರು ಬಸ್ ಕಂಡಕ್ಟರಾಗಿ ರಿಟೈರಾದವರು. ಹೊಟ್ಟೆಯ ಹುಣ್ಣು ಒಡೆದು ಆಪರೇಷನ್ ಆಗಿತ್ತು, ಅದು ಸರಿಹೋಗುವಷ್ಟರಲ್ಲಿ ಶ್ವಾಸಕೋಶಕ್ಕೆ ಈ ಹಸಿರು ಸೋಂಕು ತಗುಲಿತ್ತು. ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿದ್ದರಿಂದ ಮಾತಿರಲಿಲ್ಲ. ಕೈ ನಡುಗುತ್ತಿದ್ದರಿಂದ ಬರೆಯಲೂ ಆಗುತ್ತಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಬಸ್ಸು ನಡೆಸಿದ ಮನುಷ್ಯ ಸುಮ್ಮನಿರುತ್ತಾರೆಯೇ? ಹಾಸಿಗೆಯ ಕಂಬಿಗೆ ಬೆರಳ ಗೆಣ್ಣಿನಿಂದ ಬಡಿದು ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಒಂದು ಸಲ ಬಡಿದರೆ ನಿಲ್ಲಿಸಿ, ಎರಡು ಸಲ ಬಡಿದರೆ ಮುಂದೆ ನಡೀಲಿ. ಮಗ್ಗುಲು ತಿರುಗಿಸುವ ನರ್ಸುಗಳು ಈ ಬಡಿತಕ್ಕೆ ಎಷ್ಟು ಒಗ್ಗಿದ್ದರೆಂದರೆ, ಬಾಯಲ್ಲೇ “ರೈಟ್ ರೈಟ್” ಅನ್ನುತ್ತಾ ತಿರುಗಿಸುತ್ತಿದ್ದರು.

ಅವರ ಹೆಂಡತಿ ದಿನಕ್ಕೆರಡು ಹೊತ್ತು ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. “ಮೂವತ್ತೆಂಟು ವರ್ಷ ಇವರು ಮಾತಾಡಿದ್ರು, ನಾನು ಕೇಳಿದೆ. ಈಗ ನನ್ನ ಸರದಿ,” ಎಂದು ನರ್ಸುಗಳಿಗೆ ಹೇಳುವರು. ಹಾಗೆ ಹೇಳುವಾಗ ಅವರ ಕೈ ಮಾತ್ರ ಗಂಡನ ಕೈಯನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಕಂಡಕ್ಟರಿಗೆ ಮೂರು ನಾಲ್ಕು ದಿನದಿಂದ ಒಂದು ಹೊಸ ಚಾಳಿ ಹತ್ತಿತ್ತು. ಎದುರು ಗೋಡೆಯ ಕೈತೊಳೆಯುವ ಸಿಂಕಿನ ಕಡೆ ಬೆರಳು ತೋರಿಸುವುದು.

“ನೀರು ಬೇಕಂತೆ,” ಎನ್ನುವರು ಹೆಂಡತಿ. ನರ್ಸು ಒದ್ದೆ ಹತ್ತಿಯಿಂದ ತುಟಿ ಒರೆಸುವಳು. ಅವರು ಮುಖ ಸಿಂಡರಿಸಿ ಕಂಬಿಗೆ ಟಣ್ ಎಂದು ಒಂದು ಏಟು ಹೊಡೆಯುವರು. ಮತ್ತೆ ಬೆರಳು, ಮತ್ತೆ ಒದ್ದೆ ಹತ್ತಿ, ಮತ್ತೆ ಟಣ್. ದೊಡ್ಡ ಡಾಕ್ಟರು ಇದನ್ನು ನೋಡಿ, ಬಹಳ ದಿನ ಐಸಿಯುನಲ್ಲಿದ್ದವರಿಗೆ ಆಗುವ ಗೊಂದಲ ಇರಬಹುದು, ಇನ್ನೂ ಹೆಚ್ಚಾದರೆ ನಿದ್ದೆಯ ಔಷಧಿ ಕೊಡೋಣ ಎಂದು ಫೈಲಿನಲ್ಲಿ ಬರೆದಿದ್ದರು.

ಗುರುವಾರ ಸಂಜೆ ನಾಲ್ಕರ ಮೇಲೆ ಕೆಳಗಿನ ಡಾಕ್ಟ್ರು ಇನ್ನೊಂದು ಟ್ರೇ ಹತ್ತಿಕಡ್ಡಿ ಹಿಡಿದು ಮತ್ತೆ ಬಂದರು. ಈ ಸಲ ಎಲ್ಲಿ ಹುಡುಕಬೇಕೋ ಅವರಿಗೇ ತಿಳಿದಿರಲಿಲ್ಲ. ಐದನೇ ಹಾಸಿಗೆಯ ಹತ್ತಿರ ನಿಂತಾಗ ಆ ಬೆರಳು ಅವರ ಕಣ್ಣಿಗೆ ಬಿತ್ತು.

“ನೀರು ಬೇಕಂತೆ,” ಎಂದರು ಹೆಂಡತಿ, ರೂಢಿಯಂತೆ.

ಟಣ್.

“ನೀರು ಬೇಡ ಅಂತಿದಾರೆ ಅಮ್ಮಾ,” ಎಂದು ಡಾಕ್ಟರು ಕಂಡಕ್ಟರ ಮುಖವನ್ನೇ ನೋಡಿದರು. “ಸಾರ್, ಒಂದು ಅಂದ್ರೆ ಅಲ್ಲ, ಎರಡು ಅಂದ್ರೆ ಹೌದು. ಸರೀನಾ?”

ಟಣ್ ಟಣ್.

“ಆ ಸಿಂಕಿನ ವಿಷಯಾನಾ?”

ಟಣ್ ಟಣ್.

“ವಾಸನೆ ಬರ್ತಿದೆಯಾ?”

ಟಣ್.

“ಸದ್ದಾ?”

ಟಣ್. ಕಂಡಕ್ಟರು ಕಷ್ಟಪಟ್ಟು ಕೈ ಎತ್ತಿ, ಐದೂ ಬೆರಳನ್ನು ಮುಷ್ಟಿ ಮಾಡಿ ಪಟ್ಟನೆ ಬಿಚ್ಚಿದರು. ಇನ್ನೊಮ್ಮೆ ಮುಷ್ಟಿ, ಇನ್ನೊಮ್ಮೆ ಬಿಚ್ಚು. ಆಮೇಲೆ ಸಿಂಕಿನ ಪಕ್ಕದ ಟ್ರಾಲಿಯತ್ತ ತೋರಿಸಿದರು. ಇಂಜೆಕ್ಷನ್ ತುಂಬುವುದೂ ನಳಿಗೆಯಲ್ಲಿ ಕೊಡುವ ಆಹಾರ ಕಲಸುವುದೂ ಆ ಟ್ರಾಲಿಯ ಮೇಲೇ.

“ಏನೋ ಹಾರುತ್ತಾ?”

ಟಣ್ ಟಣ್! ಈ ಸಲ ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು.

ಡಾಕ್ಟರು ಸಿಂಕಿನ ಕಡೆ ನೋಡಿದರು. ನಿಂತ ಜಾಗದಿಂದ ಏನೂ ಕಾಣಲಿಲ್ಲ, ಬಿಳಿ ಬೇಸಿನ್ನು, ಉಕ್ಕಿನ ನಲ್ಲಿ, ಅಷ್ಟೇ. ಸ್ವಲ್ಪ ಯೋಚಿಸಿ, ಮಾಸ್ಕು ಸರಿಮಾಡಿಕೊಂಡು ಬಗ್ಗಿ, ತಮ್ಮ ತಲೆಯನ್ನು ಕಂಡಕ್ಟರ ದಿಂಬಿನ ಮಟ್ಟಕ್ಕೆ ತಂದರು.

“ಹೆಂಡತಿ ಎದುರಿಗೇ!” ಎಂದರು ಕಂಡಕ್ಟರ ಹೆಂಡತಿ. ಗಂಟಲ ನಳಿಗೆಯಿಂದಾಗಿ ಸದ್ದು ಬರದಿದ್ದರೂ ಕಂಡಕ್ಟರು ನಕ್ಕದ್ದು ಎದೆಯ ಕುಲುಕಿನಲ್ಲಿ ಗೊತ್ತಾಯಿತು.

“ಸಿಸ್ಟರ್, ಸ್ವಲ್ಪ ಆ ನಲ್ಲಿ ತಿರುಗಿಸಿ,” ಎಂದರು ಡಾಕ್ಟರು.

ದೊಡ್ಡ ಸಿಸ್ಟರ್ ತಿರುಗಿಸಿದರು. ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ಸಿಂಕಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ನೀರು ಬಿದ್ದದ್ದು ನೇರವಾಗಿ ಬೇಸಿನ್ನಿನ ನಡುವಣ ತೂತಿನ ಜಾಲರಿಯ ಮೇಲೆ. ಬಿದ್ದೊಡನೆ ಅಲ್ಲಿಂದ ಸಾಸಿವೆಗಿಂತ ಸಣ್ಣ ಹನಿಗಳು ನೂರಾರು ಎದ್ದು, ಬಿಸಿಲಿನಲ್ಲಿ ಫಳಫಳ ಹೊಳೆದು, ಬಿಲ್ಲಿನಂತೆ ಬಾಗಿ ಟ್ರಾಲಿಯ ಮೇಲೆ ಇಳಿದವು. ತೆರೆದಿಟ್ಟ ಸಿರಿಂಜುಗಳ ಮೇಲೆ, ಆಹಾರ ಕಲಸುವ ಲೋಟದ ಮೇಲೆ. ನಿಂತವರ ಕಣ್ಣಿಗೆ ಎಂದೂ ಬೀಳದ ದೃಶ್ಯ ಅದು. ಮಲಗಿದವರಿಗೆ, ಅದೂ ಆ ಹೊತ್ತಿಗೆ, ಆ ಐದನೇ ಹಾಸಿಗೆಯಿಂದ ಮಾತ್ರ ಕಾಣುವಂಥದ್ದು.

“ಇನ್ನೊಂದ್ ಸಲ,” ಎಂದರು ಡಾಕ್ಟರು.

ದೊಡ್ಡ ಸಿಸ್ಟರ್ ಕೂಡ ಬಂದು ಬಗ್ಗಿ ನೋಡಿದರು. ನೋಡಿ, ಓಡಿಹೋಗಿ ನಲ್ಲಿ ಮುಚ್ಚಿದರು. “ಅಲ್ಲಾ ಮೇಡಂ, ಸೋಂಕು ಬರಬಾರದು ಅಂತ ತಾನೇ ನಾವು ತೊಳೆದಿದ್ದೇ ತೊಳೆದಿದ್ದು? ತೊಳೆದು ತೊಳೆದು ಹಂಚಿದೀವಲ್ಲ!”

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲಿಗೆ ಗದ್ದ ಊರಿ ನಿಂತರು. ಅವರನ್ನು ಎಲ್ಲರೂ ಫಿನಾಯಿಲಕ್ಕ ಎಂದೇ ಕರೆಯುವುದು.

“ಆ ಸಿಂಕು ನಾರುತ್ತೆ ಅಂತ ಎರಡು ವರ್ಷದಿಂದ ಬಡ್ಕೋತಿದೀನಿ ಡಾಕ್ಟ್ರಮ್ಮ. ಏನ್ ಮಾಡಿದ್ರು ಗೊತ್ತಾ? ಮಲ್ಲಿಗೆ ಸೆಂಟಿನ ಡಬ್ಬಿ ತಂದು ಮೇಲೆ ನೇತಾಕಿದ್ರು.”

“ಅದಕ್ಕೆ ಕೈ ತೊಳೆದ ನೀರು ಮಾತ್ರ ಹೋಗುತ್ತೆ ತಾನೇ ಅಕ್ಕಾ?”

ಫಿನಾಯಿಲಕ್ಕ ನಕ್ಕೇಬಿಟ್ಟರು. “ನೀವು ಕೆಳಗಡೆನೇ ಇರ್ತೀರಿ, ಪಾಪ. ಅದಕ್ಕೆ ಏನ್ ಹೋಗಲ್ಲ ಅಂತ ಕೇಳಿ. ಮಿಕ್ಕಿದ ಹಾಲಿನ ಪುಡಿ ಗಂಜಿ, ಮಿಕ್ಕಿದ ಗ್ಲೂಕೋಸು, ಬಾಟ್ಲಿ ತಳದಲ್ಲಿ ಉಳಿದ ಔಷಧಿ, ಎಲ್ಲಾ ಅದಕ್ಕೇ. ಹನ್ನೊಂದು ಗಂಟೆಗೆ ಟೀ ಬೇರೆ.”

“ಟೀ ಯಾರು ಸುರಿಯೋದು?” ಎಂದು ಗುಡುಗಿದರು ದೊಡ್ಡ ಡಾಕ್ಟರು. ಅವರು ಯಾವಾಗಲೋ ಬಂದು ಹಿಂದೆ ನಿಂತಿದ್ದರು.

ಫಿನಾಯಿಲಕ್ಕ ನೆಲ ನೋಡಿದರು, ಛಾವಣಿ ನೋಡಿದರು, ಕೊನೆಗೆ ದೊಡ್ಡ ಡಾಕ್ಟರನ್ನೇ ನೋಡಿದರು. “ದಿನಾ ಅರ್ಧ ಲೋಟ, ಸಾರ್. ಎರಡು ಚಮಚ ಸಕ್ಕರೆ ಹಾಕಿದ್ದು.”

ಐದನೇ ಹಾಸಿಗೆಯಿಂದ ಮೆಲ್ಲಗೆ ಎರಡು ಬಡಿತ ಕೇಳಿಸಿತು.

ಸಿಂಕಿನ ತೂತಿನೊಳಗೆ ಇಳಿಸಿದ ಹತ್ತಿಕಡ್ಡಿಯಿಂದ ಶನಿವಾರದ ಹೊತ್ತಿಗೆ ಬೆಳೆ ಬಂತು. ಹಸಿರು, ಹನ್ನೆರಡು ಬಿಲ್ಲೆಗಳನ್ನೂ ಲೆಕ್ಕಿಸದ ಅದೇ ಹಟಮಾರಿ. ಮೂವರು ರೋಗಿಗಳ ಬ್ಯಾಕ್ಟೀರಿಯಾವನ್ನು ಫ್ರೀಜರಿನಿಂದ ತೆಗೆದು, ಸಿಂಕಿನದರ ಜೊತೆ ಇನ್ನೂ ದೊಡ್ಡ ಲ್ಯಾಬಿಗೆ ಕಳಿಸಿದರು. ಆಮೇಲೆ ಅಲ್ಲಿಂದಲೂ ಉತ್ತರ ಬಂತು: ನಾಲ್ಕೂ ಒಂದೇ ತಳಿ, ಒಂದೇ ಮನೆಯ ಮಕ್ಕಳು.

ಆದರೆ ಅಷ್ಟು ಕಾಯುವ ಅಗತ್ಯವಿರಲಿಲ್ಲ. ಶನಿವಾರವೇ ಕೆಳಗಿನ ಡಾಕ್ಟ್ರು ತಟ್ಟೆಯನ್ನು ಮೇಲಕ್ಕೆ ತಂದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟರು. ಅವರು ಅದನ್ನು ಎತ್ತಿ ಹಿಡಿದು ನೋಡಿದರು.

“ನನ್ನ ಟೀ ಕುಡಿದು ಬೆಳೆದಿದ್ದು ಇದು,” ಎಂದರು.

“ಬರೀ ಟೀಯಿಂದ ಇಷ್ಟು ಗಟ್ಟಿ ಆಗಲ್ಲ ಸರ್. ಔಷಧಿಯ ರುಚಿ ನೋಡಿ ನೋಡಿ ಗಟ್ಟಿಯಾಗಿದೆ. ಮಿಕ್ಕಿದ ಆಂಟಿಬಯೋಟಿಕ್ಕೂ ಆ ಪೈಪಿಗೇ ಹೋಗ್ತಿತ್ತಲ್ಲ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಇಲ್ಲಿ ಬಂದ ಎಲ್ಲರಿಗೂ ಮೊದಲನೇ ದಿನವೇ ದೊಡ್ಡ ಔಷಧಿ ಶುರುವಾಗುತ್ತೆ. ಬೇಕಿಲ್ಲ ಅಂತ ನಾನು ಚೀಟಿ ಬರೆದ್ರೂ ನಿಲ್ಲಲ್ಲ.”

ದೊಡ್ಡ ಡಾಕ್ಟರು ಕಿಡಿಕಿಡಿಯಾಗುತ್ತಾರೆ ಎಂದು ಅವರು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದರು. ಹಾಗಾಗಲಿಲ್ಲ.

“ಹೆದರಿಕೆ ಆಗುತ್ತೆ ಮೇಡಂ,” ಎಂದರು ಅವರು, ಎತ್ತರದ ದನಿಯನ್ನು ಪೂರ್ತಿ ಇಳಿಸಿ. “ನಿಲ್ಲಿಸಿದ ಮಾರನೇ ದಿನ ಏನಾದ್ರೂ ಆದ್ರೆ? ಅದಕ್ಕೇ ಕೊಡ್ತಾನೇ ಇರ್ತೀನಿ. ಆ ಟೀಚರಮ್ಮನ ಮಗಳಿಗೆ ಈಗ ಏನು ಹೇಳಲಿ?”

“ಆಗಿದ್ದನ್ನ ಹೇಳಿ ಸರ್.”

ಅವರು ಹಾಗೇ ಮಾಡಿದರು. ಮಗಳನ್ನು ಕರೆಸಿ, ಬಾಗಿಲು ಹಾಕಿ, ಸಿಂಕಿನ ಕಥೆಯನ್ನು ಟೀ ಲೋಟವನ್ನೂ ಬಿಡದೆ ಹೇಳಿದರು. ಆಕೆ ಅತ್ತಳು, ಸಿಟ್ಟಾದಳು, ಬಾಗಿಲ ತನಕ ಹೋಗಿ ತಿರುಗಿ ಬಂದು ಕೇಳಿದಳು: “ಅದನ್ನ ಕಿತ್ತು ಹಾಕಿದ್ರಾ?”

“ನಾಳೆ ಬೆಳಿಗ್ಗೆ.”

“ನಾನು ನೋಡಬೇಕು.”

ಹಾಗಾಗಿ ಭಾನುವಾರ ಬೆಳಿಗ್ಗೆ, ಐಸಿಯುವಿನ ರೋಗಿಗಳನ್ನು ಪಕ್ಕದ ಕೋಣೆಗಳಿಗೆ ಸಾಗಿಸಿದ ಮೇಲೆ, ಪ್ಲಂಬರ್ ಬಂದಾಗ ಗಾಜಿನ ಗೋಡೆಯ ಆಚೆ ಒಂದು ಸಣ್ಣ ಸಭೆಯೇ ಸೇರಿತ್ತು. ಟೀಚರಮ್ಮನ ಮಗಳು, ದೊಡ್ಡ ಸಿಸ್ಟರ್, ಕೈ ಕಟ್ಟಿ ನಿಂತ ದೊಡ್ಡ ಡಾಕ್ಟರು, ಮೊದಲನೇ ಸಾಲಿನಲ್ಲಿ ಫಿನಾಯಿಲಕ್ಕ. ಬೇಸಿನ್ನಿನ ಕೆಳಗಿನ ಬಾಗಿದ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಗ್ಗಿಸಿದರೆ ಒಳಗಿಂದ ಬೂದು ಬಣ್ಣದ ಲೋಳೆ ಗಡ್ಡದ ಹಾಗೆ ಜೋತು ಇಳಿಯಿತು. ಪ್ಲಂಬರ್ ತನ್ನ ವೃತ್ತಿಯಲ್ಲಿ ಕಂಡ ಪೈಪುಗಳಿಗೆ ಲೆಕ್ಕವಿರಲಿಲ್ಲ. ಅವನೂ “ಥೂ!” ಎಂದ.

“ಮಲ್ಲಿಗೆ ಸೆಂಟಂತೆ!” ಎಂದು ಫಿನಾಯಿಲಕ್ಕ ಇಡೀ ಸಭೆಗೆ ಕೇಳುವಂತೆ ಹೇಳಿದರು. ಟೀಚರಮ್ಮನ ಮಗಳಿಗೂ ಅಳುವಿನ ನಡುವೆ ನಗು ಬಂದುಬಿಟ್ಟಿತು.

ಹೊಸ ಬೇಸಿನ್ನು ಬಂತು. ಅದರ ನಲ್ಲಿಯ ನೀರು ತೂತಿನ ಮೇಲೆ ಬೀಳದೆ ಪಕ್ಕದ ಇಳಿಜಾರಿನ ಮೇಲೆ ಬೀಳುತ್ತಿತ್ತು. ಟ್ರಾಲಿ ಎದುರಿನ ಗೋಡೆಗೆ ಹೋಯಿತು. ಮಿಕ್ಕಿದ್ದನ್ನೆಲ್ಲ ಸುರಿಯಲು ಹೊರಗೆ ಬೇರೆ ಜಾಗವಾಯಿತು, ಔಷಧಿ ಉಳಿದರೆ ಮುಚ್ಚಳದ ಡಬ್ಬಿ ಬಂತು. ಟೀ ಕುಡಿಯುವುದು ಐಸಿಯು ಹೊರಗೇ, ಕೊನೆಯ ಗುಟುಕಿನ ತನಕ. ಇದಕ್ಕೆ ಕಾವಲು ಫಿನಾಯಿಲಕ್ಕ. ದೊಡ್ಡ ಡಾಕ್ಟರು ಲೋಟ ಕೆಳಗಿಟ್ಟರೆ ಅವರು ಬಗ್ಗಿ ತಳ ನೋಡುತ್ತಿದ್ದರು.

ಕಂಡಕ್ಟರಿಗೆ ಆ ಒರಟು ಔಷಧಿ ಹದಿನಾಲ್ಕು ದಿನ ಹೋಯಿತು. ಆರನೇ ದಿನ ಮೂತ್ರ ಕಮ್ಮಿಯಾಗಿ ಎಲ್ಲರ ಮುಖ ಬಾಡಿತು. ಹೆಂಡತಿ ಅಂದು ಒಂದು ಮಾತೂ ಆಡಲಿಲ್ಲ, ಅದೇ ಎಲ್ಲರಿಗೂ ಹೆಚ್ಚು ದಿಗಿಲು ಹುಟ್ಟಿಸಿದ್ದು. ಕೆಳಗಿನ ಡಾಕ್ಟ್ರು ಮತ್ತು ದೊಡ್ಡ ಡಾಕ್ಟರು ತಲೆಗೆ ತಲೆ ಕೊಟ್ಟು ಕೂತು ಔಷಧಿಯ ಪ್ರಮಾಣವನ್ನು ದಿನದಿನ ಹೊಂದಿಸಿದರು. ಒಂಬತ್ತನೇ ದಿನ ಬೆಳಿಗ್ಗೆ ದೊಡ್ಡ ಸಿಸ್ಟರ್ ಮೂತ್ರದ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, “ಒಂದೂವರೆ ಲೀಟರು!” ಎಂದು ಕೂಗಿದರು. ಐಸಿಯು ಚಪ್ಪಾಳೆ ತಟ್ಟಿತು. ಮನುಷ್ಯನ ಮೂತ್ರಕ್ಕೆ ಅಷ್ಟು ಗೌರವ ಸಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನೊಂದು ವಾರಕ್ಕೆ ಉಸಿರಾಟದ ಯಂತ್ರ ಬೇಡವಾಯಿತು. ಗಂಟಲಿನ ನಳಿಗೆಯ ಬಾಯಿ ಮುಚ್ಚಿ, ದೊಡ್ಡ ಡಾಕ್ಟರು ಹತ್ತಿರ ಬಗ್ಗಿದರು. “ಕಂಡಕ್ಟರ್ ಸಾಹೇಬ್ರೇ, ಏನಾದ್ರೂ ಮಾತಾಡಿ ನೋಡೋಣ.”

ಅವರು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಕೆಮ್ಮಿ, ಒಡೆದ ದನಿಯಲ್ಲಿ ಹೇಳಿದರು: “ನೀರು.”

“ನಾನ್ ಹೇಳ್ಲಿಲ್ವಾ? ಆವತ್ತಿಂದ ಹೇಳ್ತಿದೀನಿ!” ಎಂದು ಹೆಂಡತಿ ಕುಣಿದಾಡಿಬಿಟ್ಟರು. ಕಂಡಕ್ಟರು ಹಣೆ ಚಚ್ಚಿಕೊಂಡರು.

ಎರಡು ತಿಂಗಳು ಕಳೆದರೂ ಐಸಿಯುವಿನಿಂದ ಹಸಿರು ತಟ್ಟೆ ಬರಲಿಲ್ಲ. ಸೋಂಕು ತಗುಲಿದ ಇನ್ನೊಬ್ಬರು, ಏಳನೇ ಹಾಸಿಗೆಯ ಬೇಕರಿಯ ಯಜಮಾನರು, ನಿಧಾನವಾಗಿ ಚೇತರಿಸಿಕೊಂಡು ವಾರ್ಡಿಗೆ ಹೋಗಿ, ಅಲ್ಲಿಂದ ಮನೆಗೂ ಹೋದರು. ಕೆಳಗಿನ ಡಾಕ್ಟ್ರು ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೇಲೆ ಬಂದು, ದೊಡ್ಡ ಡಾಕ್ಟರ ಜೊತೆ ಎಂಟು ಹಾಸಿಗೆಗಳನ್ನೂ ಸುತ್ತುತ್ತಾರೆ. ಪ್ರತಿ ಹಾಸಿಗೆಯಲ್ಲೂ ಜಗಳ ಇದ್ದದ್ದೇ. “ಇವತ್ತು ಈ ಔಷಧಿ ನಿಲ್ಲಿಸಬಹುದು ಸರ್.” “ಇನ್ನೊಂದು ದಿನ ಮೇಡಂ, ಒಂದೇ ಒಂದು ದಿನ.” “ನೆನ್ನೆನೂ ಇದೇ ಅಂದ್ರಿ.” ದೊಡ್ಡ ಡಾಕ್ಟರು ಹಲ್ಲು ಕಚ್ಚಿ ಸಹಿ ಹಾಕುತ್ತಾರೆ. ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದು ಆ ರೋಗಿಯ ಜ್ವರ ನೋಡುವವರೂ ಅವರೇ. ಬಹುಪಾಲು ಜ್ವರ ಇರುವುದಿಲ್ಲ. ಇದ್ದ ದಿನ ಇಬ್ಬರೂ ಸೇರಿ ಕಾರಣ ಹುಡುಕುತ್ತಾರೆ.

ತಪಾಸಣೆಗೆಂದು ಬಂದ ಒಂದು ದಿನ ಕಂಡಕ್ಟರು ಹೆಂಡತಿಯ ಜೊತೆ ನೆಲಮಾಳಿಗೆಗೆ ಇಳಿದು ಬಂದರು. ಲಿಫ್ಟ್ ಬೇಡವೆಂದು ಹಟ ಹಿಡಿದು ಮೆಟ್ಟಿಲು ಇಳಿದಿದ್ದರು. ಏದುಸಿರು ಬಿಡುತ್ತಿದ್ದರೂ ಮುಖದಲ್ಲಿ ಜಂಬ.

“ಅದನ್ನ ನೋಡ್ಬೇಕಲ್ಲ ಡಾಕ್ಟ್ರೇ. ನನ್ನ ಎರಡು ತಿಂಗಳು ಮಲಗಿಸಿದ್ದು ಯಾರು ಅಂತ.”

ಲ್ಯಾಬಿಗೆ ಅದುವರೆಗೆ ಯಾರೂ ನೋಡಲು ಬಂದವರಿಲ್ಲ, ಹಾಗಾಗಿ ಕುರ್ಚಿಯೇ ಇರಲಿಲ್ಲ. ಡಾಕ್ಟರು ತಮ್ಮ ಸ್ಟೂಲನ್ನೇ ಎಳೆದು ಕೂರಿಸಿ, ಮುಚ್ಚಿ ಟೇಪು ಸುತ್ತಿದ ಒಂದು ತಟ್ಟೆಯನ್ನು ತಂದು ಬೆಳಕಿಗೆ ಹಿಡಿದು ತೋರಿಸಿದರು. ಕಂಡಕ್ಟರು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು.

“ಇಷ್ಟೇನಾ?” ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಅವಮಾನವಾದ ಭಾವವಿತ್ತು. “ಪಾಚಿ ಕಟ್ಟಿದ ಹಾಗಿದೆ. ನಾನು ಊರಲ್ಲೆಲ್ಲ ಏನೇನೋ ಹೇಳ್ಕೊಂಡು ಬಂದಿದೀನಲ್ಲ!”

“ಏನ್ ಹೇಳಿದೀರಿ?”

“ಇವರನ್ನ ಕೇಳ್ಬೇಡಿ,” ಎಂದು ಹೆಂಡತಿ ಗೋಡೆಗೊರಗಿ ನಿಂತು ಉಸಿರು ಬಿಟ್ಟರು. “ಒಂದ್ಸಲ ಶುರು ಮಾಡಿದ್ರೆ ನಾವು ಮನೆ ಸೇರೋ ಹಾಗಿಲ್ಲ.”

ಆದರೆ ಕಂಡಕ್ಟರು ಆಗಲೇ ಗಂಟಲು ಸರಿಮಾಡಿಕೊಂಡಾಗಿತ್ತು. ಡಾಕ್ಟರು ಕೈಗವಸು ಕಳಚಿ, ಮೇಜಿನ ಅಂಚಿಗೆ ಒರಗಿ, ಕೇಳುತ್ತ ನಿಂತರು.